ಮನೆಯವರಿಗೆ ಫ್ರೀ

ಗೋದಾಮಿನ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದ ಒಂದು ಪುಟ್ಟ ಕಂಪನಿ ನೋಡನೋಡುತ್ತ ಬೆಳೆದುಬಿಟ್ಟಿತು. ಊರೂರಲ್ಲಿ ಶಾಖೆಗಳಿದ್ದ ದೊಡ್ಡ ಕಂಪನಿಯೊಂದಕ್ಕೆ ಬಾಯಲ್ಲಿ ನೀರೂರಿತು; ಕೇಳಿದಷ್ಟು ಕೊಟ್ಟು ಅದನ್ನು ಕೊಂಡುಕೊಂಡಿತು.

ಶಾಖೆಗಳ ಮ್ಯಾನೇಜರುಗಳನ್ನೆಲ್ಲ ಕರೆಸಿ ಸಭೆ ನಡೆಸಿದರು. ಹಾರ ಹಾಕಿದ್ದಾಯಿತು, ಪೇಡ ಹಂಚಿದ್ದಾಯಿತು. ದೊಡ್ಡ ಕಂಪನಿಯ ಅಧ್ಯಕ್ಷರು ಮೈಕ್ ಹಿಡಿದರು.

“ಇನ್ಮೇಲೆ ಇದು ನಮ್ಮನೆ ಸಾಫ್ಟ್‌ವೇರ್. ಮನೆಯವರ ಹತ್ರ ಯಾರಾದ್ರೂ ದುಡ್ಡು ಇಸ್ಕೋತಾರಾ? ಇವತ್ತಿಂದ ನಮ್ಮ ಶಾಖೆಗಳಿಗೆಲ್ಲ ಇದು ಫ್ರೀ!”

ಚಪ್ಪಾಳೆಯೋ ಚಪ್ಪಾಳೆ. ಕಂಪನಿ ಮಾರಿದ ಒಡತಿ ಮಾತ್ರ ಪಕ್ಕದ ಕುರ್ಚಿಯಲ್ಲಿ ಪೇಡ ಹಿಡಿದುಕೊಂಡೇ ಕೂತಿದ್ದಳು.

ಅಧ್ಯಕ್ಷರು ಬಗ್ಗಿ ಕೇಳಿದರು, “ಯಾಕ್ ಮೇಡಂ, ಖುಷಿ ಆಗ್ಲಿಲ್ವಾ?”

“ಆಯ್ತು ಸರ್. ಕೊಳ್ಳೋಕೆ ಮುಂಚೆ ನಮ್ಮ ಗಿರಾಕಿಗಳು ಯಾರು ಅಂತ ನೋಡಿದ್ರಾ?”

“ಅದ್ಯಾಕೆ? ಎಷ್ಟು ಬೇಗ ಹೆಚ್ಚಾಗ್ತಿದ್ದಾರೆ ಅಂತ ನೋಡಿದೆ, ಅಷ್ಟು ಸಾಲ್ದಾ? ಯಾರವರು?”

ಆಕೆ ಇನ್ನೂ ಚಪ್ಪಾಳೆ ತಟ್ಟುತ್ತಿದ್ದ ಮ್ಯಾನೇಜರುಗಳ ಕಡೆ ಕೈ ತೋರಿಸಿದಳು.

“ಇವರೇ ಸರ್. ಒಬ್ಬರನ್ನ ನೋಡಿ ಒಬ್ಬರು ತಗೊಂಡ್ರು. ಹೊರಗಿನವರು ಒಬ್ಬರೂ ಇಲ್ಲ.”