ವೈನಿಯ ಮೊಣಕಾಲು ನೋವು

ಅಂಗೈಗೆ ಅಂಗೈ ತಾಗಿಸಿ ನೋವು ದಾಟಿಸುವ ರೂಢಿ ಬಂದ ಮೇಲೆ ಹುಬ್ಬಳ್ಳಿಯ ಅತ್ತೆಯರ ತಲೆನೋವೆಲ್ಲ ಸೊಸೆಯರ ಪಾಲಾಗಿತ್ತು. ಗುರುಸಿದ್ಧ ಮಾತ್ರ ತಾನಾಗಿ ಬೇಡಿ ಪಡೆದವನು. ಅವನು ಬೈಕು ಬೀಳಿಸಿದಾಗ ಹಿಂದೆ ಕೂತಿದ್ದ ವೈನಿ, ಅಣ್ಣನ ಹೆಂಡತಿ ನೀಲಗಂಗಾಳ ಮೊಣಕಾಲು ಮುರಿದಿತ್ತು. ಅವನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆಸ್ಪತ್ರೆಯಲ್ಲೇ ಅವಳ ನೋವನ್ನೆಲ್ಲ ಇಸಿದುಕೊಂಡ. ಅಂದಿನಿಂದ ಕುಂಟುತ್ತಿದ್ದ. ಕುಂಟಿದಷ್ಟೂ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಇವತ್ತು ವೈನಿ ಚಹಾ ಕೊಟ್ಟು ಎದುರಿಗೇ ನಿಂತಳು. "ನನ್ನ ನೋವು ನನಗ ವಾಪಸ್ ಕೊಡು."

"ಯಾಕ್ರೀ ವೈನಿ? ನಾ ಏನರೆ ಬ್ಯಾಡ ಅಂದೇನೇನ್ರಿ?"

"ನೋವಿಲ್ಲಂತ ಮನಿತುಂಬ ಓಡ್ಯಾಡಿದೆ. ಎಲುಬು ಸೊಟ್ಟ ಕೂಡೇತಿ. ನೋವಿದ್ದಿದ್ರ ಕಾಲೇ ನಿಲ್ಲು ಅಂತಿತ್ತು ಅಂತ ಡಾಕ್ಟರು ಬೈದ್ರು. ಇವತ್ತ ಮತ್ತ ಮುರಿದು ಕೂಡಿಸ್ತಾರ."

ಗುರುಸಿದ್ಧ ಚಹಾದ ಕಪ್ಪು ಕೆಳಗಿಟ್ಟ. "ಹಂಗಾದ್ರ ನಾ ಏನ್ ಮಾಡ್ಲಿ?"

"ಬೈಕ್ ತಗಿ. ನಿಮ್ಮಣ್ಣ ಊರಾಗಿಲ್ಲ."

"ಬೈಕ್ ಒಲ್ಲೆರಿ. ಆಟೋ ತರ್ತೀನಿ."

"ಕುಂಟಾಕ ಭಾಳ ಚಂದ ಬರ್ತೈತಿ. ನಡಸಾಕ ಬರಂಗಿಲ್ಲೇನು?"

ಹೇಳುತ್ತಲೇ ಅವಳು ಅವನ ಅಂಗೈ ಹಿಡಿದುಬಿಟ್ಟಳು. ಅವನ ಕಾಲು ಹಗುರಾಯಿತು. ಅವಳು ತುಟಿ ಕಚ್ಚಿ ಗೋಡೆ ಹಿಡಿದಳು.

ಬೈಕು ಆಮೆಯಂತೆ ಹೊರಟಿತು. ಮೂಲೆಯ ಹಂಪ್ ಬಂದಾಗ ಗುರುಸಿದ್ಧ ಉಸಿರು ಬಿಗಿಹಿಡಿದು ಮೆಲ್ಲಗೆ ಹತ್ತಿಸಿದ. ಆದರೂ ಬೆನ್ನ ಹಿಂದೆ "ಸ್‌" ಎಂದು ಸಣ್ಣದಾಗಿ ಕೇಳಿಸಿತು. ತನ್ನ ಕಾಲಲ್ಲೇ ಇದ್ದಾಗ ಆ ನೋವು ಅವನಿಗೆ ಇಷ್ಟು ಹತ್ತಿರ ಇರಲಿಲ್ಲ.