ಸ್ಪ್ರಿಂಕ್ಲರ್ ಪೈಪಿನ ತುಂಡು

"ಇದೆಂತದು ಗೌಡ್ರೇ, ಸೈಲೆನ್ಸರಿಗೆ ತೋಟದ ಸ್ಪ್ರಿಂಕ್ಲರ್ ಪೈಪ್ ಹಾಕ್ಸಿದೀರಿ?" ಕೊಪ್ಪದ ಗ್ಯಾರೇಜಿನಲ್ಲಿ ಕಾರಿನ ಅಡಿ ಮಲಗಿದ್ದ ಮಂಜಪ್ಪ ಅಲ್ಲಿಂದಲೇ ಕೂಗಿದ.

"ಆಗ ಅದೇ ಕೈಗೆ ಸಿಕ್ತು ಮಾರಾಯ. ಇಷ್ಟು ವರ್ಷ ಓಡ್ಲಿಲ್ವ?" ಎಂದರು ವಾಸಪ್ಪಗೌಡರು.

ಓಡಿದ್ದೇನೋ ನಿಜ, ಊರಿಗೆಲ್ಲ ಡಂಗುರ ಸಾರುತ್ತ ಓಡಿತ್ತು. ಎಂಜಿನ್ನಿನಿಂದ ಬರುವ ಪೈಪು ದಪ್ಪ, ಸ್ಪ್ರಿಂಕ್ಲರಿನ ಕಬ್ಬಿಣದ ತುಂಡು ಸಣ್ಣ. ನಡುವಿನ ಸಂದಿಗೆ ಸುತ್ತಿದ್ದ ತಗಡು ಎಂದೋ ಸುಟ್ಟುಹೋಗಿತ್ತು. ಆ ಹಳೆಯ ಮಾರುತಿ ಹಿರೇಕೊಡಿಗೆಯ ತಿರುವಿಗೆ ಬಂದರೆ ಸಾಕು, ಗೌಡರ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ಹರಿಹರಪುರದ ಮದುವೆಮನೆಯಲ್ಲಿ ಯಾರೋ "ಟ್ರ್ಯಾಕ್ಟರ್ ಬಂತು" ಎಂದು ನಕ್ಕಿದ್ದೇ ನೆಪ, ಗೌಡರು ಶಿವಮೊಗ್ಗದಿಂದ ದೊಡ್ಡ ಸೈಲೆನ್ಸರ್ ತರಿಸಿದ್ದರು.

ಮಂಜಪ್ಪ ಆ ಹೊಸ ಸೈಲೆನ್ಸರ್ ಕಟ್ಟಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಳತೆಯ ಪೈಪು ಕೂರಿಸಿ, ಸಂದಿಯಿಲ್ಲದಂತೆ ವೆಲ್ಡಿಂಗ್ ಮಾಡಿದ. ಕಾಯುತ್ತ ಕೂತ ಗೌಡರು ಹೆಂಡತಿಯ ಬಗ್ಗೆ ಜಂಬ ಕೊಚ್ಚಿಕೊಂಡರು. "ನಮ್ಮ ತುಂಗಮ್ಮ ಕೂತಿದ್ದನ್ನೇ ನಾನು ನೋಡಿಲ್ಲ. ಯಾವಾಗ ಹೋದ್ರೂ ಒಲೆ ಮುಂದೆ ನಿಂತಿರ್ತಾಳೆ, ಕಾಫಿ ಕುದೀತಿರ್ತದೆ."

ಅವತ್ತು ಮಧ್ಯಾಹ್ನ ಕಾರು ಬೆಕ್ಕಿನಂತೆ ಅಂಗಳಕ್ಕೆ ಬಂತು. ನಾಯಿಯೂ ಏಳಲಿಲ್ಲ. ಗೌಡರು ಅಡುಗೆಮನೆಗೆ ಹೋದರೆ ಒಲೆ ಆರಿತ್ತು. ತುಂಗಮ್ಮ ಬರಿ ನೆಲದ ಮೇಲೆ, ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಆ ಮುಖ ಇಷ್ಟು ಸೋತುಹೋಗಿದೆ ಎಂಬುದು ಗೌಡರ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಹೆಜ್ಜೆ ಸಪ್ಪಳಕ್ಕೆ ಅವಳು ದಡಬಡಿಸಿ ಎದ್ದಳು. "ಅಯ್ಯೋ, ಯಾವಾಗ ಬಂದ್ರಿ? ಗಾಡಿ ಸದ್ದೇ ಕೇಳ್ಲಿಲ್ವಲ್ಲ! ತಿರುವಲ್ಲಿ ಸದ್ದಾದ್ರೆ ಎದ್ದುಬಿಡ್ತಿದ್ದೆ..." ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಸೆರಗು ಸರಿಮಾಡಿಕೊಂಡು ಒಲೆ ಊದತೊಡಗಿದಳು.

ಮಾರನೆಯ ದಿನದಿಂದ ಅವಳು ಮಧ್ಯಾಹ್ನ ಮಲಗುವುದನ್ನೇ ಬಿಟ್ಟಳು. ಜಗಲಿಯ ಕಂಬಕ್ಕೆ ಒರಗಿ, ರಸ್ತೆ ನೋಡುತ್ತ, ತೂಕಡಿಸುತ್ತ ಕೂರುತ್ತಿದ್ದಳು. "ಒಳಗೆ ಹೋಗಿ ಮಲಗಬಾರ್ದ?" ಎಂದರೆ, "ನೀವು ಯಾವಾಗ ಬರ್ತೀರಂತ ಎಂತ ಗೊತ್ತಾಗ್ತದೆ?" ಎನ್ನುತ್ತಿದ್ದಳು. ಅವಳ ಕೆಂಪು ಕಣ್ಣು ನೋಡಿ ಗೌಡರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ವಾರ ಕಳೆಯುವುದರೊಳಗೆ ಅವರು ಮತ್ತೆ ಗ್ಯಾರೇಜಿಗೆ ಬಂದರು. ಗುಜರಿ ರಾಶಿಯಿಂದ ಸ್ಪ್ರಿಂಕ್ಲರ್ ಪೈಪಿನ ತುಂಡನ್ನು ತಾವೇ ಎಳೆದು ತೆಗೆದು, ನಡೆದದ್ದನ್ನು ಹೇಳಿ, "ಇದನ್ನೇ ವಾಪಸ್ ಹಾಕು" ಎಂದರು.

"ಅಷ್ಟಕ್ಕೆ ಒಳ್ಳೆ ಪೈಪ್ ಕೊಯ್ಯೋದ? ತಿರುವಲ್ಲಿ ಒಂದು ಹಾರ್ನ್ ಹೊಡೀರಿ ಗೌಡ್ರೇ."

"ಹಾರ್ನ್ ಹೊಡೆದ್ರೆ ನಾನೇ ಎಬ್ಬಿಸಿದ ಹಾಗಾಗ್ತದಲ್ಲ ಮಾರಾಯ."

ಮಂಜಪ್ಪ ಕೈಯ ಗ್ರೀಸು ಒರೆಸಿಕೊಳ್ಳುತ್ತ ಅವರ ಮುಖ ನೋಡಿದ. "ಹೋಗ್ಲಿ, ಅವ್ರು ಮಲಗಿರ್ಲಿ. ಕಾಫಿ ನೀವೇ ಮಾಡ್ಕೊಂಡ್ರೆ ಆಗಲ್ವ?"

ಗೌಡರು ತುಕ್ಕು ಹಿಡಿದ ತುಂಡನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಯೋಚಿಸಿದರು.

"ಪೈಪೇ ಹಾಕು ಮಾರಾಯ. ಅದೇ ಸುಲಭ."