ಯಾವುದು ಚೆಂದ?

"ಎರಡರಲ್ಲಿ ಒಂದೇ, ಆಮೇಲೆ ಅಳಬಾರದು" ಎಂದು ವಗ್ದಿ ಮಗಳು ನೆಸ್ಮಾಳಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಆದರೆ ಬೆಕ್ಕು ಸಾಕಿ ಮಾರುವ ಮದಾಮ್ ಸೌಸನ್ ತನ್ನ ಸೋಫಾದ ಮೇಲೆ ಎರಡು ಬೆಕ್ಕಿನ ಮರಿಗಳನ್ನು ತಂದುಬಿಟ್ಟಳೋ ಇಲ್ಲವೋ, ಅವನದೇ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಒಂದು ಸಿಂಗಪುರ ಜಾತಿಯದು: ಅಂಗೈಯಷ್ಟು ಮೈ, ಹುರಿದ ಎಳ್ಳಿನ ಬಣ್ಣ, ದೊಡ್ಡ ದೊಡ್ಡ ಕಿವಿ. ಇನ್ನೊಂದು ಮಂಚ್‌ಕಿನ್: ಬೆಳ್ಳಗೆ ದುಂಡಗೆ, ಕಾಲು ಮಾತ್ರ ಮೋಟು. ಓಡಿದರೆ ಹೊಟ್ಟೆಯೇ ನೆಲ ಗುಡಿಸುತ್ತಿತ್ತು. ಅಯ್ಯೋ, ಹೇಗೆ ಆರಿಸುವುದು!

ಆರಿಸಬೇಕಾದವಳು ಅವನ ಅತ್ತೆ ತಫೀದಾ. ಅವಳ ಮುದಿ ಬೆಕ್ಕು ಮಿಶ್‌ಮಿಶ್ ರಂಜಾನಿಗೆ ಮುಂಚೆ ಸತ್ತಾಗಿನಿಂದ, ಅಲೆಕ್ಸಾಂಡ್ರಿಯಾದ ಯಾವ ಬೆಕ್ಕೂ ಇನ್ನು ತನ್ನ ಹೊಸ್ತಿಲು ದಾಟಕೂಡದು ಎಂದು ಹಟ ಹಿಡಿದಿದ್ದಳು. ಇವತ್ತೂ "ಬರೀ ನೋಡೋಕೆ ಬರ್ತೀನಿ" ಎಂದೇ ಬಂದಿದ್ದಳು. ಬರಿಗೈಯಲ್ಲಿ ಅವಳನ್ನು ವಾಪಸ್ಸು ಕರೆದೊಯ್ಯುವುದಿಲ್ಲ ಎಂದು ವಗ್ದಿ ಪಣ ತೊಟ್ಟಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಅವನನ್ನು ಅವಳು ಹೊಗಳದ ದಿನವಿಲ್ಲ. ಬಂದ ನೆಂಟರಿಗೆಲ್ಲ "ನಮ್ಮ ಅಳಿಯಂದ್ರು ಅಂದ್ರೆ ಚಿನ್ನ, ಅಪ್ಪಟ ಚಿನ್ನ" ಎನ್ನುತ್ತಿದ್ದಳು. ಅಂಥ ಅತ್ತೆಗೆ ಒಂದು ಬೆಕ್ಕು ಕೊಡಿಸದಿದ್ದರೆ ಹೇಗೆ?

ಮಂಚ್‌ಕಿನ್ ಓಲಾಡುತ್ತಾ ಅವಳ ಕಾಲ ಬಳಿ ಬಂತು.

"ಆಹಾ, ಎಂಥ ಚೆಲುವೆ! ಚಂದ್ರನ ತುಂಡು! ಅಳಿಯಂದ್ರೇ, ನೀವೂ ನೋಡಿ. ಇಂಥ ಬೆಕ್ಕು ರಾಜರ ಮನೇಲೂ ಇರಲಿಕ್ಕಿಲ್ಲ."

ಅಷ್ಟರಲ್ಲಿ ಸಿಂಗಪುರದ ಮರಿ ಅವಳ ಕರಿ ಗೌನು ಹಿಡಿದು ಹೆಗಲಿಗೆ ಹತ್ತಿ, ತಲೆವಸ್ತ್ರದ ಅಂಚನ್ನು ಕಚ್ಚಿ ಎಳೆಯತೊಡಗಿತು.

"ಥೂ, ದರಿದ್ರದ್ದೇ! ಏನು ಮೂತಿ, ಏನು ಕಿವಿ! ಬಾವಲಿ ಮರಿ ಕಣೇ ನೀನು. ನಿನ್ನನ್ನ ಯಾರು ಸಾಕ್ತಾರೆ?"

ವಗ್ದಿ ಎದ್ದೇ ನಿಂತ. "ಮದಾಮ್, ಮೋಟುಕಾಲಿಂದನ್ನೇ ಬುಟ್ಟಿಗೆ ಹಾಕಿ!"

ನೆಸ್ಮಾ ಅವನ ಅಂಗಿ ಹಿಡಿದು ಜಗ್ಗಿದಳು. "ಅಪ್ಪಾ, ಅದಲ್ಲ! ಅಜ್ಜಿಗೆ ಬೇಕಾಗಿರೋದು ಬಾವಲಿ ಮರಿ."

"ಬಾಯಿಗೆ ಬಂದ ಹಾಗೆ ಬೈದ್ರಲ್ಲೇ!"

"ಅದಕ್ಕೇ ಮತ್ತೆ! ಇಷ್ಟವಾದದ್ದನ್ನ ಹೊಗಳಿದ್ರೆ ಕಣ್ಣು ಬೀಳುತ್ತೆ ಅಂತ ಅಜ್ಜಿಗೆ ಭಯ. ಮಿಶ್‌ಮಿಶ್‌ನ ಸಾಯೋವರೆಗೂ ಪೀಡೆ ಅಂತಲೇ ಕರೀತಿದ್ಲು. ಅವಳ ಬಾಯಲ್ಲಿ ಅಮ್ಮ ಮಸಿಮುಖದವಳು, ನಾನು ಕೋತಿ. ಹೊಗಳೋದು ಬೇಡವಾದದ್ದನ್ನ ಮಾತ್ರ. ಇಷ್ಟೂ ಗೊತ್ತಿಲ್ವಾ ನಿನಗೆ?"

ಕಣ್ಣು ಬೀಳುವುದು ವಗ್ದಿಗೂ ಗೊತ್ತಿತ್ತು, ಅವನ ಕಾರಿನಲ್ಲೇ ನೀಲಿ ಮಣಿ ನೇತಾಡುತ್ತಿತ್ತು. ಆದರೆ ಇಷ್ಟರಮಟ್ಟಿಗೆ! ತಿರುಗಿ ನೋಡಿದ. ಅತ್ತೆಯ ಕೈ ಹೆಗಲ ಮೇಲಿನ ಮರಿಯ ಬೆನ್ನನ್ನು ಮೆಲ್ಲಗೆ ಸವರುತ್ತಿತ್ತು. ಕಣ್ಣಲ್ಲಿ ನೀರಿತ್ತು. ಬಾವಲಿ ಮರಿಯೇ ಬುಟ್ಟಿಗಿಳಿಯಿತು. ನೆಸ್ಮಾ ಕುಣಿದು ಕುಪ್ಪಳಿಸಿದಳು. ಖುಷಿಗೆ ವಗ್ದಿಯೂ ಅವಳ ಜೊತೆ ಒಂದು ಸುತ್ತು ಕುಣಿದುಬಿಟ್ಟ.

ಬುಟ್ಟಿ ಹಿಡಿದು ಮೆಟ್ಟಿಲು ಇಳಿಯುವಾಗ ಅವನಿಗೆ ಥಟ್ಟನೆ ಹೊಳೆಯಿತು.

"ನೆಸ್ಮಾ... ಮತ್ತೆ ನನ್ನನ್ನ?"

ಮಗಳು ನಾಲಿಗೆ ಕಚ್ಚಿಕೊಂಡಳು. "ನಿನ್ನನ್ನ... ಚಿನ್ನ ಅಂತಾಳೆ."

ವಗ್ದಿ ಇಷ್ಟು ವರ್ಷ ಆ ಮಾತಿಗೆ ಬೀಗಿದ್ದೇನು, ಹಬ್ಬಹಬ್ಬಕ್ಕೂ ಸಿಹಿ ಹೊತ್ತು ತಂದದ್ದೇನು! ಅದೇ ಗುಂಗಿನಲ್ಲಿ ಮೆಟ್ಟಿಲು ತಪ್ಪಿತು. ಬುಟ್ಟಿ ವಾಲಿತು. ಅವನು ಅದನ್ನು ಎದೆಗೆ ಅವುಚಿಕೊಂಡು ಗೋಡೆಗೆ ಉಜ್ಜುತ್ತಾ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಿಸಿದ. ಒಳಗಿನಿಂದ ಮರಿ ಮಿಯಾಂವ್ ಎಂದಿತು, ಏನೂ ಆಗಿರಲಿಲ್ಲ.

ಮೇಲಿನಿಂದ ಅತ್ತೆ ಬಿದ್ದಂಬೀಳ ಓಡಿಬಂದಳು. ಬುಟ್ಟಿಯ ಕಡೆಗೆ ನೋಡಲೂ ಇಲ್ಲ. ಅಳಿಯನ ಕೈ ಹಿಡಿದೆತ್ತಿ, ತನ್ನ ತಲೆವಸ್ತ್ರದ ತುದಿಯನ್ನೇ ಅವನ ಮೊಣಕೈಗೆ ಒತ್ತಿದಳು.

"ಲೋ ಕತ್ತೆ! ಕಣ್ಣೇನು ಬೆನ್ನಲ್ಲಿದ್ಯಾ ನಿಂಗೆ? ನೋಡು, ರಕ್ತ! ಇಂಥ ದಂಡಪಿಂಡ ಅಳಿಯ ಯಾರ ಮನೆಗೂ ಬೇಡಪ್ಪಾ!"

ವಗ್ದಿಯ ಮುಖ ಊರಗಲ ಅರಳಿತು.

"ಅತ್ತೇ, ಇನ್ನೊಂದ್ಸಲ ಬೈಯಿರಿ!"